ಕಲ್ಲೋ, ಮರಳಿನ ಚೀಲವೋ?

ಕಳೆದ ಮಂಗಳವಾರ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಮುದುಕಿಯರು ಜಗಳವಾಡಿದರು. ಒಬ್ಬಳು ನಾನು. ಇನ್ನೊಬ್ಬಳು ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ನನ್ನ ಹಳೆಯ ಗೆಳತಿ ಜುಬೇದಾ. ವಿಷಯ? ಹಾಯಿದೋಣಿಯ ತಳಕ್ಕೆ ಹಾಕಬೇಕಾದದ್ದು ಕಲ್ಲೋ, ಮರಳಿನ ಚೀಲವೋ.

"ತಪ್ಪು ನಿಮ್ಮಪ್ಪಂದೇ" ಎಂದಳು. "ನಿಮ್ಮಪ್ಪ ಏನು ಕಡಿಮೆ ಇದ್ರಾ?" ಎಂದೆ. ಬಸ್ಸು ಹೊರಟೇ ಹೋಯಿತು. (ಇನ್ನೊಂದು ಸಿಕ್ಕಿತು ಬಿಡಿ.)

ನಗಬೇಡಿ. ನಾವು ಹುಡುಗಿಯರಾಗಿದ್ದಾಗ ಇದು ಬಹಳ ಸೀರಿಯಸ್ ವಿಷಯವಾಗಿತ್ತು.

ನನ್ನ ಅಪ್ಪಯ್ಯ ತ್ಯಾಗಲಿ ಎಂಬ ಹಳ್ಳಿಯ ಕೃಷಿಕ. ಜುಬೇದಾಳ ತಂದೆ ಇಸ್ಮಾಯಿಲ್ ಸಾಹೇಬರು ಶಿರಸಿಯ ವ್ಯಾಪಾರಿ. ಘಟ್ಟದ ಮೇಲಿನ ಈ ಇಬ್ಬರಿಗೂ ಘಟ್ಟದ ಕೆಳಗೆ, ಅಘನಾಶಿನಿ ಹೊಳೆಯಲ್ಲಿ, ಒಂದೊಂದು ಪುಟ್ಟ ಹಾಯಿದೋಣಿಯಿತ್ತು. ಗಾಡಿಯಲ್ಲಿ ಇಳಿದ ಮೆಣಸು ತದಡಿ ಬಂದರಿಗೆ ಹೋಗುತ್ತಿದ್ದುದು ಅದರಲ್ಲೇ. ಉಪ್ಪು, ಹೆಂಚು ಬರುತ್ತಿದ್ದುದೂ ಅದರಲ್ಲೇ.

ಹಾಯಿದೋಣಿಯ ತಳದಲ್ಲಿ ಭಾರ ಬೇಕು, ಇಲ್ಲದಿದ್ದರೆ ಗಾಳಿಗೆ ಮಗುಚುತ್ತದೆ. ಇಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಮತ. ಅಪ್ಪಯ್ಯ ಹೊಳೆಗಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ, ಅಲುಗದಂತೆ ಕೂರಿಸುತ್ತಿದ್ದ. ಸಾಹೇಬರದು ಮರಳು ತುಂಬಿದ ಗೋಣಿಚೀಲ. ಗಾಳಿ ಯಾವ ಕಡೆಯಿಂದ ಬಂತೋ ಆ ಕಡೆಗೆ ಎಳೆದು ಹಾಕಿದರಾಯಿತು.

"ಓಡಾಡೋ ಭಾರ ನಂಬ್ಕೊಂಡು ನೀರಿಗೆ ಇಳಿಯೂದಾ ಸಾಬ್ರೇ?" ಎನ್ನುತ್ತಿದ್ದ ಅಪ್ಪಯ್ಯ.

"ನಿಮ್ದು ದೋಣಿ ಅಲ್ಲ ಹೆಗಡೇರೇ. ನೀರಲ್ಲಿ ಕಟ್ಟಿದ ಪಾಗಾರದ ಗೋಡೆ" ಎನ್ನುತ್ತಿದ್ದರು ಸಾಹೇಬರು.

ಹದಿನೇಳಕ್ಕೆ ನನ್ನ ಮದುವೆಯಾಯಿತು. ಗಂಡನ ಮನೆ ಗೋಕರ್ಣದ ಕಡೆ. ಅಪ್ಪಯ್ಯ ನನ್ನನ್ನು ಕಲ್ಲಿನ ದೋಣಿಯಲ್ಲೇ ಕಳಿಸಲು ಹೊರಟ. ಅಂಬಿಗ ವೆಂಕಟ ಚುಕ್ಕಾಣಿ ಹಿಡಿದಿದ್ದ. ಮುಂದಿನ ದೋಣಿಯಲ್ಲಿ ಸಾಹೇಬರು, ಜುಬೇದಾ, ಅವರ ಅಂಬಿಗರು. ನನ್ನನ್ನು ಮುಟ್ಟಿಸಿಯೇ ಬರುತ್ತೇನೆಂದು ಜುಬೇದಾಳ ಹಟ.

ತದಡಿ ಕಾಣಿಸುವಷ್ಟರಲ್ಲಿ ಸಮುದ್ರದ ಇಳಿತಕ್ಕೆ ಹೊಳೆಯ ನೀರೂ ಇಳಿಯುತ್ತಿತ್ತು. ಸಾಹೇಬರ ದೋಣಿ ಸರಾಗವಾಗಿ ದಾಟಿತು. ನಮ್ಮದು ಕಲ್ಲಿನ ಭಾರಕ್ಕೆ ಮರಳ ದಿಬ್ಬದ ಮೇಲೆ ಕೂತುಬಿಟ್ಟಿತು. ಸಮುದ್ರದ ಕಡೆಯಿಂದ ಅಲೆ ಬಂದು ಪಕ್ಕೆಗೆ ಬಡಿಯತೊಡಗಿತು. ಒಂದು ಹಲಗೆಯ ಸಂದಿಯಿಂದ ನೀರು ಒಸರಿತು.

ಸಾಹೇಬರು ದೋಣಿ ತಿರುಗಿಸಿ ಹತ್ತಿರ ತಂದರು. "ಹಾಯಿ ಇಳಿಸಿ, ಕಲ್ಲು ಹೊರಗೆ ಹಾಕಿ ಹೆಗಡೇರೇ. ನೀರು ಇನ್ನೂ ಇಳೀತದೆ. ಹಲಗೆ ಉಳಿಯೂದಿಲ್ಲ."

"ಕಲ್ಲು ತೆಗೆದ್ರೆ ಮಗುಚ್ತದೆ" ಎಂದ ಅಪ್ಪಯ್ಯ.

ಹಾಯಿ ಇಳಿಸಿದ. ಕಲ್ಲು ಮಾತ್ರ ಇಲ್ಲ. ವೆಂಕಟ ಅಪ್ಪಯ್ಯನ ಮುಖ ನೋಡುತ್ತ ನಿಂತ. ಯಜಮಾನ ಹೇಳದೆ ಅವನು ಹೇಗೆ ಮುಟ್ಟಿಯಾನು? ನೀರು ನನ್ನ ಪಾದ ಮುಚ್ಚಿತು. ನಾನು ಬಗ್ಗಿ ಒಂದು ಕಲ್ಲನ್ನು ಕಿತ್ತೆ.

"ಮುಟ್ಟಡ ಕೂಸೆ" ಎಂದು ತಡೆದ ಅಪ್ಪಯ್ಯ.

ಹೊಳೆಗೆ ಎಸೆದೆ. ಜನ್ಮದಲ್ಲಿ ಮೊದಲ ಬಾರಿ ಅಪ್ಪಯ್ಯನ ಮಾತು ಮೀರಿದ್ದೆ. ಎರಡನೆಯದನ್ನು ವೆಂಕಟ ಎಸೆದ. ಆಮೇಲೆ ಲೆಕ್ಕವಿಲ್ಲ. ದೋಣಿ ಮೆಲ್ಲನೆ ಎದ್ದು ತೇಲಿತು.

ತೇಲಿದ್ದೇ ತಡ, ಹುಚ್ಚು ಹಿಡಿದ ಹಾಗೆ ಎರಡೂ ಬದಿಗೆ ಓಲಾಡಿತು. (ಅಪ್ಪಯ್ಯ ಹೇಳಿದ್ದೂ ಸುಳ್ಳಲ್ಲ, ನೋಡಿ.) ಸಾಹೇಬರು ತಮ್ಮ ಮರಳಿನ ಚೀಲಗಳಲ್ಲಿ ಆರನ್ನು ನಮ್ಮ ದೋಣಿಗೆ ದಾಟಿಸಿದರು. ನಮ್ಮದು ನಿಂತಿತು. ಈಗ ಅವರದಕ್ಕೆ ಭಾರ ಸಾಲದು. ಎರಡೂ ದೋಣಿಗಳು ಹಾಯಿ ಮಡಚಿಕೊಂಡು, ಹುಟ್ಟು ಹಾಕುತ್ತ, ಅಕ್ಕಪಕ್ಕದಲ್ಲಿ ದಡ ಸೇರಿದವು.

ಗಂಡನ ಮನೆಯ ಅಂಗಳದವರೆಗೂ ಅಪ್ಪಯ್ಯ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಹೊರಡುವಾಗ ಹತ್ತಿರ ಬಂದ.

"ನೀ ಕಲ್ಲು ಎಸದ್ದು ಸರಿನೇಯ. ಆದ್ರೆ ಇದ್ನ ಸಾಬ್ರಿಗೆ ಮಾತ್ರ ಹೇಳಡ."

ಬಿಕ್ಕುತ್ತಿದ್ದವಳು ನಕ್ಕುಬಿಟ್ಟೆ. ಅಪ್ಪಯ್ಯ ಮುಖ ತಿರುಗಿಸಿಕೊಂಡ. ಕಣ್ಣು ಒರೆಸಿಕೊಳ್ಳಲಿಕ್ಕಿರಬೇಕು.

ಮುಂದಿನ ತಿಂಗಳೇ ದೋಣಿಗೆ ಮತ್ತೆ ಕಲ್ಲು ತುಂಬಿದನಂತೆ. ದಡದಲ್ಲಿ ನಿಂತು ಒಂದೊಂದೇ ಕಲ್ಲು ಎತ್ತಿ ಕೊಟ್ಟವರು ಸಾಹೇಬರು. ಬಯ್ಯುತ್ತಲೇ.

ಆಮೇಲೆ ಘಟ್ಟದಲ್ಲಿ ಲಾರಿ ಓಡತೊಡಗಿತು. ಇಬ್ಬರೂ ದೋಣಿ ಮಾರಿದರು. ತವರಿಗೆ ಬಂದಿದ್ದಾಗ ಒಮ್ಮೆ ಅಪ್ಪಯ್ಯನ ಜೊತೆ ಸಾಹೇಬರ ಅಂಗಡಿಗೆ ಹೋದೆ. ಇಬ್ಬರೂ ಬೆಂಚಿನ ಮೇಲೆ ಕೂತರು. ಮಳೆ ಕಡಿಮೆ ಎಂದರು ಒಬ್ಬರು. ಹೌದೆಂದರು ಇನ್ನೊಬ್ಬರು. ಸೆಕೆ ಎಂದರು. ಹೌದೆಂದರು. ಇಷ್ಟೊಂದು ಹೌದು ಕೇಳಿ ನನಗೆ ಹೆದರಿಕೆಯಾಯಿತು. ಯಾವಾಗ ಇಷ್ಟು ಮುದುಕರಾದರು ಇವರು?

ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ರಸ್ತೆ ನೋಡುತ್ತ ಹೇಳಿದರು. "ಲಾರಿಗೆ ಭಾರ ಎಲ್ಲ ಹಿಂದ್ಗಡೆ ಹೇರ್ಬೇಕು ಹೆಗಡೇರೇ."

ಅಪ್ಪಯ್ಯ ನೆಟ್ಟಗೆ ಕೂತ. "ಯಾರು ಹೇಳಿದ್ದು? ಮುಂದ್ಗಡೆ ಹೇರ್ಬೇಕು."

ಇಬ್ಬರಿಗೂ ಲಾರಿಯಿರಲಿಲ್ಲ. ಚಹಾ ಮಾತ್ರ ಎರಡು ಸಲ ಬಂತು.

ನಿಮ್ಮ ಮಾತನ್ನು ತಪ್ಪೆನ್ನಲು ಹೀಗೆ ಪಕ್ಕದಲ್ಲೇ ಕಾದು ಕೂರುವವರು ನಿಮಗೆ ಯಾರಿದ್ದಾರೆ?