ಕಡ್ಡಿಗಳ ಬಿಗಿ

ನಮ್ಮ ಬೀದಿಯ ತಿರುವಿನಲ್ಲಿ, ಒಂದೇ ಬಾಗಿಲಿನ ಅಂಗಡಿಯಲ್ಲಿ ಅವನು ಮೂವತ್ತೆಂಟು ವರ್ಷ ಸೈಕಲ್ ಚಕ್ರ ಕಟ್ಟಿದ. ಎಲ್ಲರ ಬಾಯಲ್ಲೂ ಅವನು ಚಕ್ರದಣ್ಣ.

ಚಕ್ರ ನೇರವಾಗಿ ತಿರುಗಿದರೆ ಸಾಲದು, ಕಡ್ಡಿಗಳೆಲ್ಲ ಒಂದೇ ಬಿಗಿಯಲ್ಲಿರಬೇಕು ಎನ್ನುತ್ತಿದ್ದ. "ಒಂದು ಸಡಿಲ ಬಿಟ್ಟರೆ ಅದು ಮೈಗಳ್ಳ ಆಗುತ್ತೆ, ಭಾರವೆಲ್ಲ ಪಕ್ಕದ್ದರ ಮೇಲೆ. ನಿಮ್ಮ ಶಾಲೆ ಥರಾನೇ ಮೇಷ್ಟ್ರೇ!" ಎಂದು ನನ್ನನ್ನು ಛೇಡಿಸುವನು. ಎರಡೆರಡು ಕಡ್ಡಿಗಳನ್ನು ಬೆರಳಲ್ಲಿ ಒತ್ತಿಯೇ ಬಿಗಿ ತಿಳಿಯುತ್ತಿದ್ದ.

ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಆ ಬೆರಳುಗಳಿಗೆ ಜೋಮು ಹಿಡಿಯಿತು. ಬಿಸಿ ಲೋಟ ಹಿಡಿದರೂ ತಿಳಿಯದು. ಗಿರಾಕಿಗಳಿಗೆ ಹೇಳಲಿಲ್ಲ. ಅವನು ಬಿಗಿ ಮಾಡುವುದು, ಹೆಂಡತಿ ಕಡ್ಡಿ ಒತ್ತಿ ನೋಡಿ ಹೇಳುವುದು. ಹಾಗೆ ಚಿಕ್ಕಪುಟ್ಟ ಕೆಲಸ ನಡೆಯುತ್ತಿತ್ತು.

ನನ್ನ ಸೋದರಳಿಯ ಗುಡಾರ, ಒಲೆ, ತಿಂಗಳ ಸಾಮಾನು ಸೈಕಲ್ಲಿಗೆ ಹೇರಿಕೊಂಡು ಕಲ್ಲುದಾರಿಯಲ್ಲಿ ಬೆಟ್ಟ ದಾಟಲು ಹೊರಟಾಗ, ಇದೊಂದೂ ತಿಳಿಯದ ನಾನೇ ಹಿಂದಿನ ಚಕ್ರ ಕಟ್ಟಿಸಲು ಅಲ್ಲಿಗೆ ಕರೆದೊಯ್ದೆ. ಅಗಲ ರಿಮ್, ಮೂವತ್ತಾರು ದಪ್ಪ ಕಡ್ಡಿಗಳು. ಅವನು ನಾಲ್ಕು ದಿನ ಕುಳಿತು ಕಟ್ಟಿದ. "ಇದು ತಡೆದುಕೊಂಡರೆ ಅಂಗಡಿ ಉಳಿಯುತ್ತೆ ಕಣೇ, ಇಲ್ಲಾಂದ್ರೆ ಮುಚ್ಚೋದೇ" ಎಂದು ಹೆಂಡತಿಗೆ ಹೇಳಿದ್ದನಂತೆ.

ಅವನು ಹೇಳಿದಂತೆ ಅಳಿಯ ಎರಡು ಮರಳಿನ ಚೀಲ ಹೇರಿಕೊಂಡು, ಕಲ್ಲುಗಣಿಯ ದಾರಿಯಲ್ಲಿ ಪರೀಕ್ಷೆಗೆ ಹೋದ. ಮರಳಿದ್ದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು. ಚಕ್ರ ಇಂಗ್ಲಿಷಿನ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು.

ಚಕ್ರದಣ್ಣ ಹೆಂಡತಿಯ ಕಡೆ ತಿರುಗಿದ. "ಎಲ್ಲ ಒಂದೇ ಥರ ಇದೆ ಅಂದೆಯಲ್ಲೇ?"

"ಇರಲಿಲ್ಲ."

"ಮತ್ತೆ?"

"ಮೂರು ಸಲ ಬಿಚ್ಚಿ ಕಟ್ಟಿದ್ರಿ. ನಾಲ್ಕನೇ ಸಲಾನೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ರೀ."

ಅವನು ರೇಗಲಿಲ್ಲ.

"ಇನ್ನೊಂದು ಸಲ ಕಟ್ಟಿ ಅಣ್ಣ, ನಾನು ಕಾಯ್ತೀನಿ," ಎಂದ ಅಳಿಯ.

"ಬೇಡಪ್ಪ. ಇವತ್ತು ನೀನು ಸೈಕಲ್ ಹೊತ್ಕೊಂಡು ಬಂದೆ. ಬೆಟ್ಟದಲ್ಲಿ ನಿನ್ನ ಹೊತ್ಕೊಂಡು ಬರೋರು ಯಾರು? ಪೇಟೆಯಲ್ಲಿ ಮಶೀನಿನಲ್ಲಿ ಕಟ್ಟಿದ್ದು ಸಿಗುತ್ತೆ, ತಗೋ."

ತಿರುಚಿದ ಚಕ್ರ ಬಿಚ್ಚಲು ನಾನು ಅಳಿಯನಿಗೆ ಕೈಗೂಡಿಸಿದೆ.

ಅಳಿಯ ಪೇಟೆಯ ಚಕ್ರ ಹಾಕಿಸಿಕೊಂಡು ಹೊರಟ. ಅವನನ್ನು ಕಳಿಸಿ ಹಿಂದಿರುಗುವಾಗ ನೋಡಿದರೆ, ಗಂಡ ಹೆಂಡತಿ ಅಂಗಡಿಯ ಬೋರ್ಡು ಇಳಿಸುತ್ತಿದ್ದರು. ಅವಳು ಸ್ಟೂಲಿನ ಮೇಲೆ, ಅವನು ಕೆಳಗೆ ಕೈಚಾಚಿಕೊಂಡು.

"ಬಿಡ್ಲಾ? ಗಟ್ಟಿಯಾಗಿ ಹಿಡ್ಕೊಂಡಿದ್ದೀರಾ?"

"ನೀನೇ ನೋಡಿ ಹೇಳೇ," ಎಂದ.