ಉಳ್ಳಾಗಡ್ಡಿ ಟೀಚರ್

ಜುಬೇದಾ ಟೀಚರ್ ವರಾಂಡದ ತಿರುವಿನಲ್ಲಿರುವಾಗಲೇ ನಮಗೆ ಗೊತ್ತಾಗುತ್ತಿತ್ತು. ಉಳ್ಳಾಗಡ್ಡಿ ವಾಸನೆ ಅವರಿಗಿಂತ ಮೊದಲೇ ತರಗತಿಗೆ ಬಂದುಬಿಡುತ್ತಿತ್ತು. ಸುರಪುರದಿಂದ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಬರುವಾಗ ಅವರ ಚೀಲದಲ್ಲಿ ರೊಟ್ಟಿ ಡಬ್ಬಿಯ ಜೊತೆಗೆ ಎರಡು ಉಳ್ಳಾಗಡ್ಡಿ ಇದ್ದೇ ಇರುತ್ತಿದ್ದವು. ಒಂದು ಊಟಕ್ಕೆ, ಇನ್ನೊಂದು ಪಾಠಕ್ಕೆ. ಎಷ್ಟೋ ದಿನ ಊಟದ್ದೂ ಪಾಠಕ್ಕೇ ಖರ್ಚಾಗಿ, ಅವರು ಬರೀ ಪಲ್ಯದಲ್ಲಿ ರೊಟ್ಟಿ ಮುಗಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರ ಬೆನ್ನ ಹಿಂದೆ ಯಾರೂ ಜುಬೇದಾ ಎನ್ನುತ್ತಿರಲಿಲ್ಲ. ಉಳ್ಳಾಗಡ್ಡಿ ಟೀಚರ್, ಅಷ್ಟೇ. ಅದು ಅವರಿಗೂ ಗೊತ್ತಿತ್ತು. "ಹಿಂದಿನ ವರ್ಷದ ಹುಡುಗ್ಯಾರು ನನಗ ಹಾಗಲಕಾಯಿ ಟೀಚರ್ ಅಂತಿದ್ರು, ಅದಕ್ಕಿಂತ ಇದು ಚಲೋ ಅದ ಬಿಡ್ರಿ" ಎಂದು ನಗುತ್ತಿದ್ದರು.

ಗಿಡ್ಡ ಆಳು, ನಡಿಗೆ ಮಾತ್ರ ಓಟದ್ದು. ಬಲಗೈಯ ಹೆಬ್ಬೆರಳಿನ ಉಗುರನ್ನು ಬೆಳೆಸಿಕೊಂಡಿದ್ದರು. ಉಳ್ಳಾಗಡ್ಡಿಯ ಪದರನ್ನು ಲಟಕ್ಕನೆ ಮುರಿದು, ಆ ಉಗುರಿನಿಂದ ಒಳಗಿನ ತೆಳ್ಳನೆಯ ಪೊರೆಯನ್ನು ಎಬ್ಬಿಸಿದರೆ ಒಂದು ಚೂರೂ ಹರಿಯುತ್ತಿರಲಿಲ್ಲ. ಗಾಜಿನ ಮೇಲೆ ನೀರಹನಿ, ಅದರಲ್ಲಿ ಪೊರೆ, ಒಂದು ತೊಟ್ಟು ಅಯೋಡಿನ್, ಮೇಲೆ ಓರೆಯಾಗಿ ಇಳಿಸಿದ ಪುಟ್ಟ ಗಾಜು. ಆಮೇಲೆ ಸೂಕ್ಷ್ಮದರ್ಶಕದ ಮೇಲೆ ಬಗ್ಗುವರು. ಒಂದು ಕಣ್ಣಿನಿಂದ ನೋಡುವಾಗ ಇನ್ನೊಂದು ಕಣ್ಣನ್ನು ಮುಚ್ಚುತ್ತಿರಲಿಲ್ಲ. ಅದು ಪೂರಾ ತೆರೆದುಕೊಂಡು ನಮ್ಮನ್ನೇ ಕಾಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದರೂ ಬಗ್ಗಿದಲ್ಲಿಂದಲೇ ಹೆಸರು ಹಿಡಿದು ಬೈಯುತ್ತಿದ್ದರು. ಅವರ ಒಂದೇ ಮಂತ್ರ: "ಕಂಡದ್ದು ಮೊದ್ಲು ಹೇಳು, ಕಲ್ತದ್ದು ಆಮ್ಯಾಲೆ."

ಶಾಲೆಯಲ್ಲಿ ಮೂರು ಸೂಕ್ಷ್ಮದರ್ಶಕಗಳಿದ್ದವು. ಎರಡರ ಕಣ್ಣು ಹೋಗಿತ್ತು. ಉಳಿದ ಒಂದನ್ನು ಟೀಚರ್ ಕೂಸಿನ ಹಾಗೆ ಬಟ್ಟೆ ಸುತ್ತಿ ಇಡುತ್ತಿದ್ದರು. ಒಮ್ಮೆ ಯಾವಳೋ ಸ್ಕ್ರೂ ತಿರುಗಿಸಲು ಹೋಗಿ ಮಸೂರ ಕೆಳಗಿಳಿದು ಗಾಜು ಚೂರಾಗಿತ್ತಂತೆ. ಅಂದಿನಿಂದ ಸ್ಕ್ರೂ ಮುಟ್ಟುವ ಅಧಿಕಾರ ಅವರೊಬ್ಬರದೇ. ಕಿಟಕಿಯ ಬಿಸಿಲಿಗೆ ಕನ್ನಡಿ ತಿರುಗಿಸಿ, ತಮ್ಮ ಕಣ್ಣಿಗೆ ಸ್ಪಷ್ಟ ಮಾಡಿಕೊಂಡು, "ಕೈ ಹಿಂದ ಕಟ್ಕೊಂಡು ಬರ್ರಿ" ಎನ್ನುತ್ತಿದ್ದರು. ನಾವು ಕೈಕಟ್ಟಿ ಸಾಲಾಗಿ ಹೋಗಿ, ಬಗ್ಗಿ, ನೋಡಿ, "ಕಂಡ್ವ್ರಿ ಟೀಚರ್" ಎಂದು ಮುಂದೆ ಸರಿಯುತ್ತಿದ್ದೆವು.

ನಾನೂ "ಕಂಡ್ವ್ರಿ" ಎನ್ನುತ್ತಿದ್ದೆ. ಅದು ಸುಳ್ಳು. ಒಂಬತ್ತನೆಯ ತರಗತಿಯಲ್ಲಿ ಅರ್ಧ ವರ್ಷ ನನಗೆ ಅದರೊಳಗೆ ಕಂಡದ್ದು ಹಾಲು ಚೆಲ್ಲಿದಂಥ ಬೆಳಕು, ಅದರಲ್ಲಿ ನನ್ನವೇ ರೆಪ್ಪೆಗೂದಲು. ಹಲಗೆಯ ಅಕ್ಷರವೂ ಮಬ್ಬಾಗಿತ್ತು. ಪಕ್ಕದವಳ ನೋಟ್ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ. ಹೇಳಲು ಧೈರ್ಯವಿರಲಿಲ್ಲ. ಮನೆಯಲ್ಲಿ ನಮ್ಮ ಅಜ್ಜಿ ಯಾರ ಮಗಳಿಗೋ ಕನ್ನಡಕ ಬಂದದ್ದನ್ನು ಕೇಳಿ, "ಚಷ್ಮಾದ ಹುಡುಗಿನ್ನ ಯಾರು ಮಾಡ್ಕೋತಾರ?" ಎಂದದ್ದು ಕಿವಿಯಲ್ಲೇ ಕೂತಿತ್ತು. ನನ್ನ ತಲೆಗೆ ಓದು ಹತ್ತುವುದಿಲ್ಲ, ಈ ವರ್ಷ ಮುಗಿದ ಮೇಲೆ ಶಾಲೆ ಬಿಟ್ಟು ಅವ್ವನ ಬಳೆ ಅಂಗಡಿಯಲ್ಲಿ ಕೂತರಾಯಿತು ಎಂದು ನಿರ್ಧರಿಸಿಯೂ ಬಿಟ್ಟಿದ್ದೆ. ಆ ನಿರ್ಧಾರವನ್ನು ಯಾರಿಗೂ ಹೇಳಿರಲಿಲ್ಲ.

ಸಿಕ್ಕಿಬಿದ್ದದ್ದು ಚಿತ್ರದಲ್ಲಿ. ನೋಡಿದ ಉಳ್ಳಾಗಡ್ಡಿ ಕೋಶವನ್ನು ಬರೆದು ತರಲು ಹೇಳಿದ್ದರು. ನಾನು ಪುಸ್ತಕ ತೆರೆದಿಟ್ಟು, ಬಳೆ ಪೆಟ್ಟಿಗೆಯ ರಟ್ಟನ್ನು ಆನಿಸಿಕೊಂಡು ಗೆರೆ ಎಳೆದು, ಕೋಶಭಿತ್ತಿ, ಕೋಶಕೇಂದ್ರ, ಜೊತೆಗೆ ಭರ್ತಿ ಆರು ಮೈಟೊಕಾಂಡ್ರಿಯಾಗಳನ್ನೂ ಬರೆದು ಬಣ್ಣ ತುಂಬಿದೆ. ಟೀಚರ್ ಅದನ್ನು ತುಂಬಾ ಹೊತ್ತು ನೋಡಿದರು.

"ಶರಣಮ್ಮ, ಈ ಮೈಟೊಕಾಂಡ್ರಿಯಾ ಎಲ್ಲಿ ಕಂಡ್ವು ನಿನಗ?"

"ಅದರಾಗ ಕಂಡ್ವ್ರಿ ಟೀಚರ್."

"ಅರೆ, ಇಷ್ಟು ವರ್ಷ ನೋಡಾಕತ್ತೀನಿ, ನನಗ ಈ ಡಬ್ಬಾದಾಗ ಒಂದೂ ಕಂಡಿಲ್ಲ. ಇಷ್ಟು ಸಣ್ಣವು ಇದರಾಗ ಕಾಣಂಗೇ ಇಲ್ಲ. ಬಾ ಬೇಟಿ, ನನಗೂ ಒಂದು ತೋರ್ಸು."

ತರಗತಿಯೆಲ್ಲ ನಕ್ಕಿತು. ನಾನು ಬಗ್ಗಿದೆ. ಅದೇ ಹಾಲು, ಅದೇ ರೆಪ್ಪೆ. ಕಣ್ಣಲ್ಲಿ ನೀರು ಬಂದು ಅದೂ ಕಾಣದಾಯಿತು. "ಏನೂ ಕಾಣಂಗಿಲ್ರಿ. ಯಾವತ್ತೂ ಕಂಡಿಲ್ರಿ" ಎಂದುಬಿಟ್ಟೆ. ಟೀಚರ್ ಬೈಯಲಿಲ್ಲ. ನನ್ನ ಕೈ ಹಿಡಿದು, ಯಾರಿಗೂ ಮುಟ್ಟಗೊಡದ ಆ ಸಣ್ಣ ಸ್ಕ್ರೂ ಮೇಲೆ ಇಟ್ಟರು. "ಹಗೂರಕ ತಿರುಗ್ಸು. ಕಂಡಾಗ ನಿಲ್ಸು." ತಿರುಗಿಸಿದೆ. ಹಾಲು ತಿಳಿಯಾಯಿತು, ಗೆರೆಗಳೆದ್ದವು. ಇಟ್ಟಿಗೆ ಜೋಡಿಸಿದಂತೆ ಸಾಲು ಸಾಲು ಕೋಶಗಳು, ಒಂದೊಂದರಲ್ಲೂ ಒಂದು ಕಂದು ಚುಕ್ಕೆ. ನಾನು ಕೂಗಿಯೇಬಿಟ್ಟೆ. ಟೀಚರ್ ನನ್ನನ್ನು ಸರಿಸಿ ತಾವು ಬಗ್ಗಿದರು. ಅವರಿಗೆ ಮಬ್ಬು ಕಂಡಿತು. ತಲೆ ಎತ್ತಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ತಪ್ಪು ನಂದು" ಎಂದರು, ಇಡೀ ತರಗತಿಗೆ ಕೇಳುವ ಹಾಗೆ. "ನನ್ನ ಕಣ್ಣಿಗಿ ಹೊಂದಿಸ್ಕೊಂಡು ಎಲ್ಲರಿಗೂ ಅದನ್ನೇ ತೋರಿಸ್ಕೋತ ಬಂದೀನಿ. ಇನ್ನ ಮ್ಯಾಲ ಯಾರ ಕಣ್ಣಿಗಿ ಅವರೇ ಸ್ಕ್ರೂ ತಿರುಗಿಸ್ಕೊಳ್ರಿ. ಗಾಜು ಒಡದ್ರ ಒಡೀಲಿ." ಅಂದಿನಿಂದ ಕೈ ಹಿಂದೆ ಕಟ್ಟುವ ಪದ್ಧತಿ ನಿಂತಿತು. ಆ ವರ್ಷ ಗಾಜುಗಳೂ ಸಾಕಷ್ಟು ಒಡೆದವು.

ಅದೇ ಸಂಜೆ ಸುರಪುರದ ಬಸ್ಸು ಬಿಟ್ಟು ಅವರು ನಮ್ಮ ಬಳೆ ಅಂಗಡಿಗೆ ಬಂದರು. ಅವ್ವ ಚಹಾ ತರಿಸಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು ಎದುರು ಕೂತಳು. ಟೀಚರ್ ಸುತ್ತಿ ಬಳಸಿ ಮಾತಾಡಲಿಲ್ಲ. "ಅಮ್ಮಾ, ಹುಡುಗಿ ತಲಿ ಚಲೋ ಅದ. ಕಣ್ಣಿಗಿ ಒಂದು ಸ್ಕ್ರೂ ತಿರುಗಿಸಬೇಕಾಗ್ಯದ, ಅಷ್ಟ. ಆ ಸ್ಕ್ರೂಕ್ಕೇ ಚಷ್ಮಾ ಅಂತಾರ." ಅಜ್ಜಿ, "ನಾಳಿ ಮದಿವಿ ಹೆಂಗ್ರಿ?" ಎಂದಳು. "ಹುಡುಗನ್ನ ಚಂದಾಗಿ ನೋಡಿ ಆರಿಸ್ಕೋತಾಳ್ರಿ" ಎಂದರು ಟೀಚರ್. ಅಜ್ಜಿಯೇ ಮೊದಲು ನಕ್ಕಳು. ಮುಂದಿನ ವಾರ ನನ್ನ ಮೂಗಿನ ಮೇಲೆ ಕನ್ನಡಕವಿತ್ತು. ಬಸ್ ಸ್ಟ್ಯಾಂಡಿನ ಬೇವಿನ ಮರಕ್ಕೆ ಬಿಡಿಬಿಡಿ ಎಲೆಗಳಿವೆ ಎಂಬುದು ಅವತ್ತೇ ನನಗೆ ತಿಳಿದದ್ದು.

ಆ ಸ್ಕ್ರೂ ನನ್ನನ್ನು ಯಾದಗಿರಿಯವರೆಗೆ ತಂದಿತು. ಈಗ ಇಲ್ಲಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂಡುತ್ತೇನೆ. ಎರಡೂ ಕಣ್ಣು ತೆರೆದೇ ನೋಡುತ್ತೇನೆ.

ಹೋದ ವರ್ಷ ಟೀಚರ್ ಮಗಳ ಜೊತೆ ಸಕ್ಕರೆ ಪರೀಕ್ಷೆಗೆಂದು ಅಲ್ಲಿಗೇ ಬಂದರು. ನಿವೃತ್ತರಾಗಿ ಬಹಳ ದಿನವಾಗಿತ್ತು. ಕಣ್ಣಿನ ಪೊರೆ ಬಲಿತಿದೆ, ಡಾಕ್ಟರು ಆಪರೇಷನ್ ಅಂದಿದ್ದಾರೆ, ಇವರು ಒಲ್ಲೆ ಅನ್ನುತ್ತಿದ್ದಾರೆ ಎಂದು ಮಗಳು ದೂರಿದಳು. "ಅಮ್ಮಿಗೆ ಎಲ್ಲಾ ಕಾಣಸ್ತದಂತ್ರಿ. ಮೊನ್ನೆ ಚಹಾಕ್ಕ ಉಪ್ಪು ಹಾಕ್ಯಾರ." ಟೀಚರ್ ಕೇಳಿಸಿಕೊಳ್ಳದವರ ಹಾಗೆ ನನ್ನ ಮೇಜಿನತ್ತ ಬಂದು, ಹಳೆಯ ಚಾಳಿಯಂತೆ ಬಗ್ಗಿಬಿಟ್ಟರು.

"ವಾಹ್! ಕೆಂಪು ರಕ್ತಕಣ ಎಷ್ಟು ಚಂದ ಹರಡ್ಯಾವ! ನಡುವ ತಗ್ಗು, ಅಂಚು ದಪ್ಪ. ಅಲ್ಲೊಂದು ಬಿಳಿಕಣ."

ರಕ್ತ ಸವರಿದ ಗಾಜು ಇನ್ನೂ ನನ್ನ ಕೈಯಲ್ಲೇ ಇತ್ತು. ಅವರು ನೋಡುತ್ತಿದ್ದದ್ದು ಖಾಲಿ ಬೆಳಕನ್ನು.

"ಟೀಚರ್, ಸ್ಲೈಡ್ ಇನ್ನೂ ಇಟ್ಟಿಲ್ರಿ."

ಅವರು ನಿಧಾನಕ್ಕೆ ತಲೆ ಎತ್ತಿದರು. ಆ ತೆರೆದ ಕಣ್ಣುಗಳು ನನ್ನ ಮುಖ ಹುಡುಕಿದವು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ನಾನೂ ಮೈಟೊಕಾಂಡ್ರಿಯಾ ತಗದ್ನಲ್ಲೇ ಶರಣಿ!" ನಗು ನಿಂತಾಗ ನನ್ನ ಕೈ ಹಿಡಿದುಕೊಂಡರು. "ಏನೂ ಕಾಣಂಗಿಲ್ಲವ್ವ. ಕಣ್ಣಿಗಿ ಬ್ಲೇಡ್ ಹಚ್ತಾರಂದ್ರ ಭಾಳ ಅಂಜಿಕಿ ಆಗ್ತದ." ಅವರಿಗೂ ಅಂಜಿಕೆಯಾಗಬಹುದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. "ಒಂದು ಸ್ಕ್ರೂ ತಿರುಗಿಸ್ತಾರ, ಅಷ್ಟ್ರಿ. ನಾನೂ ಸಂಗಾಟ ಬರ್ತೀನಿ" ಎಂದೆ.

ಆಪರೇಷನ್ ದಿನ ಹೊರಗಿನ ಬೆಂಚಿನಲ್ಲಿ ಅವರ ಚೀಲ ಕಾಯುತ್ತಾ ಕೂತಿದ್ದೆ. ಚೀಲದಿಂದ ಉಳ್ಳಾಗಡ್ಡಿ ವಾಸನೆ ಬರುತ್ತಿತ್ತು. ಅದಾದ ಮೇಲೆ ನಾವು ಮತ್ತೆ ಭೇಟಿಯಾಗಿಲ್ಲ. ಆಮೇಲೆ ಮಗಳು ಅವರನ್ನು ರಾಯಚೂರಿಗೆ ಕರೆದೊಯ್ದಳು. ಅಲ್ಲಿಯೂ ಸುಮ್ಮನೆ ಕೂತಿಲ್ಲವಂತೆ. ವಾರಕ್ಕೆರಡು ದಿನ ಓಣಿಯ ಶಾಲೆಗೆ ಉಳ್ಳಾಗಡ್ಡಿ ಹಿಡಿದು ಹೋಗುತ್ತಾರಂತೆ.

ಕಳೆದ ತಿಂಗಳು ಟೀಚರ್ ಕಡೆಯಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಪೆನ್ಸಿಲಿನಲ್ಲಿ ಬರೆದ ಉಳ್ಳಾಗಡ್ಡಿ ಕೋಶಗಳು. ಕಾಗದ ಮಡಿಚಿದಲ್ಲಿ ಗೆರೆಗಳು ಕಲಸಿಹೋಗಿದ್ದವು. ಮೂಲೆಯಲ್ಲೊಂದು ಕಪ್ಪಂಚಿನ ವೃತ್ತ, 'ಗಾಳಿ ಗುಳ್ಳೆ' ಎಂದು ಬರೆದಿತ್ತು. ಅಂಚಿನಲ್ಲಿ ಎರಡು ಬಾಗಿದ ಗೀಟು, 'ನನ್ನ ರೆಪ್ಪೆ'. ಮೈಟೊಕಾಂಡ್ರಿಯಾ ಒಂದೂ ಇರಲಿಲ್ಲ. ಕೆಳಗೆ ಒಂದು ಸಾಲು: "ಸ್ಕ್ರೂ ನಾನೇ ತಿರುಗಿಸೀನಿ. ಮಾರ್ಕ್ಸ್ ಹಾಕಿ ಕಳಿಸು."

ಹತ್ತಕ್ಕೆ ಹತ್ತು ಹಾಕಿ ಕಳಿಸಿದೆ.