ಕೂಗಿ ಕರೆದ ಹೆಸರು

ಶಿಬಿರಕ್ಕೆ ಬಂದಿಳಿದ ಮೊದಲ ಬೆಳಿಗ್ಗೆ ಕಂಡದ್ದು ಕಟ್ಟಿಗೆಗೆ ಹೊರಟ ಹೆಂಗಸರ ಗುಂಪು. ಎಳೆಯರು ನಡುವೆ, ಮುದುಕಿಯರು ಸುತ್ತ. ನಡೆಯಲಾರದ ಮುದುಕಿಯರು ಯಾಕೆ ಎಂದು ಕೇಳಿದೆ.

"ದಾರಿಯಲ್ಲಿ ಬಂದೂಕಿನವರು ಸಿಕ್ಕರೆ ಮುದುಕಿಯರು ಮುಂದೆ ನಿಲ್ಲುತ್ತಾರೆ" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದಳು ನಮ್ಮ ಚಿಕಿತ್ಸಾಲಯದ ಸೂಲಗಿತ್ತಿ ಮರಿಯಮ್.

ಹುಲೇಕಲ್ಲಿನ ನನ್ನ ತವರಿನಲ್ಲಿ ಒಣಗಿದ ಎಲೆ, ದರಕು ತರಲು ನಾನೊಬ್ಬಳೇ ಬೆಟ್ಟಕ್ಕೆ ಹೋಗುತ್ತಿದ್ದೆ. ಹಾವನ್ನು ಬಿಟ್ಟರೆ ಬೇರೆ ಯಾವುದರ ಹೆದರಿಕೆಯೂ ಇರಲಿಲ್ಲ.

ಇದು ಚಾಡ್ ದೇಶದ ಪೂರ್ವದ ಅಂಚು. ಸುಡಾನಿನ ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರ ಶಿಬಿರ. ಶಿರಸಿಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾನು ಪರಿಹಾರ ಸಂಸ್ಥೆಯೊಂದರ ಕೆಲಸಕ್ಕೆ ಬಂದೆ. ಶಿಬಿರದವರಿಗೆ ತಾಡಪತ್ರಿಯ ಗೂಡು, ನನಗೆ ಚಿಲಕವಿರುವ ಕೋಣೆ. ಜೋಳದ ಹುಳಿಹಿಟ್ಟನ್ನು ತೆಳ್ಳಗೆ ಎರೆದು ಮಾಡುವ 'ಕಿಸ್ರಾ' ನಮ್ಮ ತೆಳ್ಳೇವು ದೋಸೆಯ ಹಾಗೇ ಇದೆಯೆಂದಾಗ ಮರಿಯಮ್ ನಕ್ಕಿದ್ದಳು. ಎರಡು ತಿಂಗಳಲ್ಲಿ ಒಂದಿಷ್ಟು ಅರಬ್ಬಿ ಕಲಿತು, ಊರು ಒಲಿಯಿತೆಂದೇ ಬೀಗಿದ್ದೆ.

ನಮ್ಮ ಚಿಕಿತ್ಸಾಲಯದ ಕೊನೆಯ ಕೋಣೆ ಅತ್ಯಾಚಾರಕ್ಕೆ ಒಳಗಾದವರಿಗೆ. ಬಾಗಿಲಿಗೆ ಫಲಕವಿಲ್ಲ. ಅವರು ತಲೆನೋವೆಂದು ಸಾಲಿನಲ್ಲಿ ಕೂರುತ್ತಾರೆ. ಮರಿಯಮ್ ತಾನೇ ಹೋಗಿ ಒಬ್ಬೊಬ್ಬರನ್ನೇ ಮೆಲ್ಲಗೆ ಕರೆತರುತ್ತಾಳೆ. ಒಂದು ದಿನ ಅವಳು ಹೆರಿಗೆ ಮಾಡಿಸುತ್ತಿದ್ದಳು, ಆ ಕೋಣೆಗೆ ಬರಬೇಕಾದ ಹೆಂಗಸೊಬ್ಬಳ ಹೆಸರಿನ ಚೀಟಿ ನನ್ನ ಕೈಗೆ ಬಂತು. ಜಗಲಿಯಲ್ಲಿ ನಿಂತು ಆ ಹೆಂಗಸಿನ ಹೆಸರು ಕೂಗಿದೆ. 'ತಆಲಿ', ಬಾ ಎಂದು ಕೊನೆಯ ಕೋಣೆಯತ್ತ ಕೈ ತೋರಿಸಿದೆ. ಉಚ್ಚಾರ ಸರಿಯಾಯಿತೆಂಬ ಖುಷಿ ಬೇರೆ.

ಸಾಲಿನ ತಲೆಗಳೆಲ್ಲ ಅವಳತ್ತ ತಿರುಗಿದವು. ಅವಳು ಮಗುವನ್ನು ಸೊಂಟಕ್ಕೇರಿಸಿ ಹೊರಟೇಹೋದಳು. ಅವಳ ಹೆಸರನ್ನು ಇಲ್ಲಿ ಬರೆಯಲಾರೆ.

ಮರಿಯಮ್ ಬೈಯಲಿಲ್ಲ. "ಆ ಕೋಣೆ ಯಾತಕ್ಕೆಂದು ಎಲ್ಲರಿಗೂ ಗೊತ್ತು. ಎಚ್‌ಐವಿ ತಡೆಯುವ ಔಷಧ ಮೂರು ದಿನದೊಳಗೆ ಶುರುವಾಗಬೇಕು. ಇವತ್ತಿಗೆ ಎರಡಾಯಿತು" ಎಂದಳಷ್ಟೆ.

ಮರುದಿನ ಬೆಳಿಗ್ಗೆ ಇಬ್ಬರೂ ಆ ಹೆಂಗಸಿನ ಗೂಡಿಗೆ ಹೋದೆವು. ಅವಳ ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದಳು.

"ನಮ್ಮಲ್ಲಿ ಯಾರಿಗೂ ಕಾಯಿಲೆಯಿಲ್ಲ."

ಕ್ಷಮೆ ಕೇಳಲು ಬಾಯಿ ತೆರೆದೆ. ಮರಿಯಮ್ ನನ್ನ ತೋಳು ಹಿಡಿದೆಳೆದಳು. "ನೀನು ಇಲ್ಲಿ ನಿಂತಷ್ಟು ಹೊತ್ತೂ ಅಕ್ಕಪಕ್ಕದವರು ನೋಡುತ್ತಾರೆ. ಹೋಗು."

ಹೋದೆ. ಪಕ್ಕದ ಗೂಡಿನ ಬಾಣಂತಿಯನ್ನು ನೋಡುವ ನೆವದಲ್ಲಿ ಮರಿಯಮ್ ಮಧ್ಯಾಹ್ನ ಒಬ್ಬಳೇ ಹೋಗಿ, ಅವಳಿಗೆ ಮೊದಲ ಮಾತ್ರೆ ನುಂಗಿಸಿ, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಟ್ಟು ಬಂದಳು. ದೂರ ಇದ್ದದ್ದೇ ನಾನು ಮಾಡಿದ ಸಹಾಯ. ಈಗಲೂ ನೀರಿನ ಸಾಲಿನಲ್ಲಿ ಅವಳು ಕಾಣುತ್ತಾಳೆ. ತಪ್ಪಾಯಿತು ಎನ್ನುವಂತಿಲ್ಲ, ನಾನು ಮಾತಾಡಿಸಿದರೆ ಮತ್ತೆ ಎಲ್ಲರೂ ಅವಳನ್ನೇ ನೋಡುತ್ತಾರೆ.

ಮೊನ್ನೆ ಊರಿನಿಂದ ಅಕ್ಕ ಫೋನ್ ಮಾಡಿದಳು.

"ಆರಾಮಿದ್ಯನೇ? ನೀ ಮಾಡ್ತಾ ಇಪ್ಪದು ಪುಣ್ಯದ ಕೆಲಸ ಹೇಳಿ ಇಲ್ಲಿ ಎಲ್ಲಾ ಹೇಳ್ತ."

"ಹಂಗೆಲ್ಲ ಎಂತೂ ಇಲ್ಲೆ ಅಕ್ಕಾ."

"ಯಾವಾಗ ಬತ್ತೆ? ಶಿರಸಿ ಆಸ್ಪತ್ರೆಯವು ಕೇಳ್ತಾ ಇದ್ದ."

ಆಸ್ಪತ್ರೆ ಎಂದಾಗ ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು ನೆನಪಾದಳು. ತುಂಬಿದ ಸಾಲಿನ ಎದುರು ನಾನು, "ಬಸಿರು ತೆಗ್ಸೋಕೆ ಬಂದವ್ಳು ನೀನೇಯಾ?" ಎಂದು ಕೂಗಿ ಕೇಳಿದ್ದೆ. ಅವಳೂ ಎದ್ದು ಹೋಗಿದ್ದಳು. ನಾನು ಮುಂದಿನವರನ್ನು ಕರೆದಿದ್ದೆ. ಆಮೇಲೆ ಎಲ್ಲಿಗೆ ಹೋದಳೋ, ಯಾರ ಕೈಗೆ ಸಿಕ್ಕಳೋ, ವಿಚಾರಿಸಲಿಲ್ಲ. ಹೊರಗಿನವಳು, ತಿಳಿಯಲಿಲ್ಲ ಎಂದು ಇಲ್ಲಾದರೂ ಹೇಳಿಕೊಳ್ಳಬಹುದು. ನನ್ನದೇ ಊರಿನಲ್ಲಿ ಏನೆಂದು ಹೇಳಲಿ?

"ಗೊತ್ತಿಲ್ಲೆ ಅಕ್ಕಾ" ಎಂದೆ.

ಊರಿಗೆ ಹೋಗಬೇಕೆಂಬ ಆಸೆ ಇದೆ. ಆದರೆ ಸಿದ್ದಾಪುರದ ಬಸ್ಸಿನಲ್ಲಿ ಆ ಹುಡುಗಿ ಎದುರು ಬಂದು ಕೂತರೆ ನಾನು ಗುರುತು ಹಿಡಿಯಲಾರೆ. ಅವಳು ಹಿಡಿಯುತ್ತಾಳೆ.